ನಗು ಬಂದರೆ ಅರ್ಥ ಬಂದಿದೆ: ಹಾಸ್ಯ ಧಾರಾವಾಹಿಯಿಂದ ಇಂಗ್ಲಿಷ್ ಕಲಿಯುವ ಬಗೆ

ಮಾನ್ಯ ಪ್ರಾಂಶುಪಾಲರೇ, ಆಂಗ್ಲ ವಿಭಾಗದ ಅಧ್ಯಾಪಕ ಮಿತ್ರರೇ, ಮದ್ದೂರು, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಗಳಿಂದ ಬೆಳಗಿನ ಬಸ್ಸು ಹಿಡಿದು ಬಂದು ಮಂಡ್ಯದ ಈ ಸಭಾಂಗಣವನ್ನು ತುಂಬಿರುವ ಪ್ರೀತಿಯ ವಿದ್ಯಾರ್ಥಿಗಳೇ,

ಇಂಗ್ಲಿಷ್ ಪದಸಂಪತ್ತನ್ನು ಹೆಚ್ಚಿಸಿಕೊಳ್ಳುವ ಬಗೆಯನ್ನು ಕುರಿತು ಮಾತನಾಡಬೇಕೆಂದು ವಿಭಾಗದವರು ಕೇಳಿದಾಗ, ಈ ವಿಷಯದಲ್ಲಿ ನಾನು ಹೇಳುವುದು ಒಂದೇ ಮಾತು, ಅದಕ್ಕೆ ಒಪ್ಪುವುದಾದರೆ ಬರುತ್ತೇನೆ ಎಂದು ತಿಳಿಸಿದ್ದೆ. ಅವರು ಒಪ್ಪಿದ್ದಾರೆ. ಒಂದು ಒಳ್ಳೆಯ ಇಂಗ್ಲಿಷ್ ಹಾಸ್ಯ ಧಾರಾವಾಹಿಯನ್ನು ಆರಿಸಿಕೊಂಡು, ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಗಮನವಿಟ್ಟು ನೋಡುವುದು ಪದಪಟ್ಟಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದೇ ಆ ಮಾತು. ಇದಕ್ಕೆ ಕಾರಣವೂ ಸರಳವಾಗಿದೆ. ಪಾಠದಲ್ಲಿ ಕಲಿತ ಪದ ನಿಮಗೆ ನಿಜವಾಗಿ ಅರ್ಥವಾಗಿದೆಯೇ ಎಂದು ನೋಡಲು ಒಬ್ಬ ಅಧ್ಯಾಪಕರು, ಒಂದು ಪ್ರಶ್ನೆಪತ್ರಿಕೆ, ಒಂದು ಪರೀಕ್ಷೆ ಬೇಕಾಗುತ್ತದೆ. ಹಾಸ್ಯದಲ್ಲಿ ಅದು ಯಾವುದೂ ಬೇಡ. ನಗು ಬಂದರೆ ಅರ್ಥ ಬಂದಿದೆ. ಅರ್ಥವಾಗದ ಮಾತಿಗೆ ಯಾರೂ ಮನಸಾರೆ ನಗಲಾರರು.

ಟಿ.ವಿ. ನೋಡಿ ಕೆಟ್ಟರು ಎಂದು ಮಕ್ಕಳನ್ನು ಗದರಿಸುತ್ತಲೇ ಬಂದಿರುವ ತಂದೆತಾಯಿಗಳು ಹಿಂದಿನ ಸಾಲುಗಳಲ್ಲಿ ಕುಳಿತಿರುವುದನ್ನು ನಾನು ಕಾಣುತ್ತಿದ್ದೇನೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವರಲ್ಲಿ ನನ್ನದೊಂದು ವಿನಂತಿಯಿದೆ. ಹತ್ತು ವರ್ಷ ಇಂಗ್ಲಿಷನ್ನು ಒಂದು ವಿಷಯವಾಗಿ ಓದಿ, ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದು, ಪದವಿ ತರಗತಿಗೆ ಬಂದು ಕುಳಿತ ಹುಡುಗಿ, ಎದ್ದು ನಿಂತು ತನ್ನ ಊರಿನ ಬಗ್ಗೆ ನಾಲ್ಕು ವಾಕ್ಯ ಹೇಳಮ್ಮ ಎಂದರೆ ತಲೆ ತಗ್ಗಿಸುವುದೇಕೆ ಎಂದು ಒಮ್ಮೆ ಯೋಚಿಸಿ ನೋಡಿ. ಅವಳಿಗೆ ಪದಗಳು ಗೊತ್ತಿಲ್ಲವೆಂದಲ್ಲ. ಊರು, ಕೆರೆ, ಗದ್ದೆ, ಜಾತ್ರೆ, ಎಲ್ಲಕ್ಕೂ ಅವಳು ಇಂಗ್ಲಿಷ್ ಪದವನ್ನು ಬಲ್ಲಳು, ಬರೆಯಲು ಹೇಳಿದರೆ ಕಾಗುಣಿತ ತಪ್ಪದೆ ಬರೆಯುತ್ತಾಳೆ. ಬಾಯಿ ತೆರೆದರೆ ಯಾರಾದರೂ ನಕ್ಕಾರು ಎಂಬ ಭಯ ಅವಳನ್ನು ಕಟ್ಟಿಹಾಕಿದೆ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷಿಗೆ ಅಡ್ಡವಾಗಿ ನಿಂತಿರುವುದು ಮೊದಲು ಈ ನಗು. ವ್ಯಾಕರಣ ಅದರ ಹಿಂದೆ ಬರುತ್ತದೆ. ಅಮೆರಿಕದ ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ಇದನ್ನು ಕುರಿತು ವಿಸ್ತಾರವಾಗಿ ಬರೆದರು. ಆತಂಕ, ಅಳುಕು, ಆತ್ಮವಿಶ್ವಾಸದ ಕೊರತೆ ಇರುವ ಮನಸ್ಸಿನಲ್ಲಿ ಒಂದು ತಡೆ ಏಳುತ್ತದೆ, ಕಿವಿಗೆ ಬಿದ್ದ ಭಾಷೆ ಆ ತಡೆಯನ್ನು ದಾಟಿ ಒಳಗೆ ಇಳಿಯುವುದಿಲ್ಲ ಎಂಬುದು ಅವರ ವಾದದ ಒಂದು ಮುಖ್ಯ ಭಾಗ. ಅವರ ಎಲ್ಲ ಮಾತುಗಳನ್ನೂ ವಿದ್ವಾಂಸರು ಒಪ್ಪಿಲ್ಲ. ಈ ಮಾತನ್ನು ಮಾತ್ರ ನನ್ನ ತರಗತಿಯ ಅನುಭವ ಪ್ರತಿವರ್ಷವೂ ಒಪ್ಪಿಕೊಂಡಿದೆ. ಹಾಸ್ಯ ಧಾರಾವಾಹಿಯ ಮುಂದೆ ಕುಳಿತ ವಿದ್ಯಾರ್ಥಿ ನಗೆಗೀಡಾಗುವವನಲ್ಲ, ನಗುವವನು. ಇಂಗ್ಲಿಷಿನ ಎದುರಿನಲ್ಲಿ ಅವನಿಗೆ ಬಹುಶಃ ಮೊದಲ ಬಾರಿಗೆ ಸಿಕ್ಕ ಸ್ಥಾನ ಅದು.

ಈಗ ಉದಾಹರಣೆಗೆ ಬರುತ್ತೇನೆ. ನಿಮ್ಮಲ್ಲಿ ಹಲವರು ಹೆಸರು ಕೇಳಿರುವ ‘ಫ್ರೆಂಡ್ಸ್’ ಧಾರಾವಾಹಿಯನ್ನೇ ತೆಗೆದುಕೊಳ್ಳೋಣ. ಅದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1994ರ ಸೆಪ್ಟೆಂಬರ್ 22ರಂದು ಆರಂಭವಾಗಿ 2004ರ ಮೇ 6ರಂದು ಮುಗಿಯಿತು. ಒಟ್ಟು 236 ಕಂತುಗಳು. ಒಂದೊಂದು ಕಂತು ಸುಮಾರು 22 ನಿಮಿಷ ಎಂದಿಟ್ಟುಕೊಂಡರೂ 86 ಗಂಟೆಗಳಿಗೂ ಹೆಚ್ಚಿನ ಸಂಭಾಷಣೆ ಅಲ್ಲಿದೆ. ನ್ಯೂಯಾರ್ಕಿನ ಆರು ಜನ ಗೆಳೆಯ ಗೆಳತಿಯರು, ಎರಡು ಮನೆ, ಒಂದು ಕಾಫಿ ಅಂಗಡಿ, ಇಷ್ಟರಲ್ಲಿಯೇ ಹತ್ತು ವರ್ಷ ಕಳೆದುಹೋಗುತ್ತದೆ. ಜನ ಅವರೇ, ಜಾಗ ಅದೇ, ಜಗಳವೂ ಬಹುಮಟ್ಟಿಗೆ ಅದೇ ಆಗಿರುವುದರಿಂದ, ಬಾಡಿಗೆ ಕೊಡುವ ಮಾತು, ಕೆಲಸ ಕಳೆದುಕೊಂಡ ಮಾತು, ಕ್ಷಮೆ ಕೇಳುವ ಮಾತು, ಮುನಿಸಿಕೊಂಡು ಮತ್ತೆ ಕೂಡುವ ಮಾತು ತಿರುತಿರುಗಿ ಕಿವಿಗೆ ಬೀಳುತ್ತವೆ. ಮೈಕೆಲ್ ರಾಜರ್ಸ್ ಮತ್ತು ಸ್ಟುವರ್ಟ್ ವೆಬ್ ಎಂಬ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂಶವನ್ನೇ ಎತ್ತಿ ತೋರಿಸುತ್ತದೆ. ಸಂಬಂಧವಿಲ್ಲದ ಹಲವು ಕಾರ್ಯಕ್ರಮಗಳನ್ನು ನೋಡುವುದಕ್ಕಿಂತ ಒಂದೇ ಧಾರಾವಾಹಿಯ ಕಂತುಗಳನ್ನು ಒಂದಾದ ಮೇಲೊಂದರಂತೆ ನೋಡಿದರೆ ಎದುರಾಗುವ ಹೊಸ ಪದಗಳ ಹೊರೆ ಕಡಿಮೆಯಾಗುತ್ತದೆ, ಅಪರೂಪದ ಪದಗಳು ಮರಳಿ ಮರಳಿ ಬರುವುದು ಹೆಚ್ಚಾಗುತ್ತದೆ. ಆದ್ದರಿಂದಲೇ ನಾನು ಒಂದನ್ನು ಆರಿಸಿ, ಮೊದಲಿನಿಂದ ಕೊನೆಯವರೆಗೆ ಎಂದದ್ದು.

ಆ ಆರು ಜನರಲ್ಲಿ ಜೋಯಿ ಎಂಬ ನಟನೊಬ್ಬನಿದ್ದಾನೆ. ಒಳ್ಳೆಯ ಮನಸ್ಸಿನವನು, ಓದಿನಲ್ಲಿ ಹಿಂದುಳಿದವನು. ಗೆಳೆಯರು ಯಾವುದೋ ವಿಷಯ ಮಾತನಾಡುತ್ತಿದ್ದರೆ ಅರ್ಥವಾಗದಿದ್ದರೂ ಅರ್ಥವಾದವನಂತೆ ತಲೆಯಾಡಿಸುತ್ತಾನೆ. ನಾಲ್ಕನೆಯ ಸರಣಿಯ ಒಂದು ಕಂತಿನಲ್ಲಿ ವಿಶ್ವಕೋಶ ಮಾರುವವನೊಬ್ಬ ಅವನ ಬಾಗಿಲಿಗೆ ಬಂದು, ನಿನ್ನ ಸ್ನೇಹಿತರ ಮಾತು ತಿಳಿಯದೆ ಸುಮ್ಮನೆ ತಲೆಯಾಡಿಸಿದ್ದುಂಟೇ ಎಂದು ಕೇಳಿದಾಗ ಜೋಯಿಗೆ ತನ್ನ ಪಾಡೆಲ್ಲ ಕಣ್ಣೆದುರು ಬರುತ್ತದೆ. ಇಡೀ ವಿಶ್ವಕೋಶ ಕೊಳ್ಳುವಷ್ಟು ಹಣವಿಲ್ಲ. ಐವತ್ತು ಡಾಲರ್ ಕೊಟ್ಟು ‘ವಿ’ ಅಕ್ಷರದ ಒಂದೇ ಸಂಪುಟವನ್ನು ಕೊಳ್ಳುತ್ತಾನೆ. ಮರುದಿನದಿಂದ ಅವನ ಮಾತೆಲ್ಲ ಜ್ವಾಲಾಮುಖಿ, ವೆಸೂವಿಯಸ್ ಪರ್ವತ, ವಿಯೆಟ್ನಾಂ ಯುದ್ಧ. ಗೆಳೆಯರ ಮಾತು ವಿಯೆಟ್ನಾಮಿನಿಂದ ಕೊರಿಯಾ ಯುದ್ಧಕ್ಕೆ ಹೊರಳಿದ ಕೂಡಲೇ ಪಾಪ, ಮತ್ತೆ ಮೌನ. ವಿದ್ಯಾರ್ಥಿಗಳೇ, ನೀವು ನಕ್ಕಿರಿ. ನಿಮ್ಮ ಚೀಲದಲ್ಲಿರುವ ಪದಪಟ್ಟಿಯ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡು ತಂದ ಆ ಪುಸ್ತಕ ‘ಎ’ ಅಕ್ಷರದಿಂದ ಆರಂಭವಾಗುತ್ತದೆ, ನೀವು ಉತ್ಸಾಹದಿಂದ ಮೊದಲ ಹತ್ತು ಪುಟ ಓದುತ್ತೀರಿ, ಆಮೇಲೆ ಪರೀಕ್ಷೆಯೋ ಮದುವೆಯೋ ಬಂದು ಓದು ನಿಲ್ಲುತ್ತದೆ. ಬದುಕಿನಲ್ಲಿ ಮಾತು ಅಕಾರಾದಿಯಾಗಿ ಬರುವುದಿಲ್ಲ. ಸನ್ನಿವೇಶ ಎದುರಾದಾಗ ಅದಕ್ಕೆ ಬೇಕಾದ ಮಾತು ಬರುತ್ತದೆ, ಇಲ್ಲವೇ ಬರುವುದಿಲ್ಲ. ಇದೇ ಮಂಡ್ಯ ಜಿಲ್ಲೆಯವರಾದ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣವನ್ನು ಬರೆದದ್ದು ಓದುಗರ ಪ್ರಶ್ನೆಗಳಿಗೆ ಉತ್ತರವಾಗಿ ಎಂಬುದನ್ನು ಇಲ್ಲಿ ನೆನೆಯಬೇಕು. ನಿಘಂಟಿಗಾಗಿಯೇ ಬದುಕನ್ನು ಸವೆಸಿದ ವಿದ್ವಾಂಸರು ಪದವನ್ನು ಅದು ಬೇಕಾದವರ ಕೈಗೆ, ಬೇಕಾದ ಹೊತ್ತಿನಲ್ಲಿ ಕೊಟ್ಟರು.

ಹಾಸ್ಯದ ಇನ್ನೊಂದು ಉಪಕಾರವನ್ನು ನೀವು ಗಮನಿಸಬೇಕು. ‘ಫ್ರೆಂಡ್ಸ್’ ಧಾರಾವಾಹಿಯನ್ನು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿರುವ ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ, ಬಹುಪಾಲು ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡೇ ಚಿತ್ರೀಕರಿಸಿದರು. ಆ ಸಭೆಯ ನಗು ಧ್ವನಿಯಲ್ಲಿ ಸೇರಿಕೊಂಡಿದೆ. ಹಲವರಿಗೆ ಆ ನಗು ಕಿರಿಕಿರಿ ಎನಿಸುತ್ತದೆ. ಕಲಿಯುವವನಿಗೆ ಅದು ಕೈಹಿಡಿದು ನಡೆಸುವ ಗುರುತು. ಅವರು ನಕ್ಕರು, ನೀವು ನಗಲಿಲ್ಲ ಎಂದರೆ ಆ ಜಾಗದಲ್ಲಿ ನಿಮಗೆ ತಿಳಿಯದ ಪದವೊಂದಿದೆ, ಅಥವಾ ಪದ ತಿಳಿದಿದ್ದರೂ ಅದರ ಇನ್ನೊಂದು ಅರ್ಥ ತಿಳಿದಿಲ್ಲ. ಅಲ್ಲಿ ನಿಲ್ಲಿಸಿ, ಹತ್ತು ಸೆಕೆಂಡು ಹಿಂದಕ್ಕೆ ಹೋಗಿ, ಮತ್ತೆ ಕೇಳಿ. ಸುದ್ದಿವಾಚನದಲ್ಲಾಗಲಿ ಗಂಭೀರ ನಾಟಕದಲ್ಲಾಗಲಿ, ನಿನಗೆ ಇಲ್ಲಿ ತಿಳಿಯಲಿಲ್ಲ ಎಂದು ಇಷ್ಟು ಸ್ಪಷ್ಟವಾಗಿ ಯಾರೂ ಹೇಳುವುದಿಲ್ಲ. ನಮ್ಮ ಹಿರಿಯರಿಗೆ ಇದು ಹೊಸದೇನೂ ಆಗಿರಲಿಲ್ಲ. ಕೈಲಾಸಂ ಅವರ ನಾಟಕಗಳ ಕನ್ನಡದಲ್ಲಿ ಇಂಗ್ಲಿಷ್ ಎಷ್ಟು ಬೆರೆತಿದೆಯೆಂದರೆ, ಎರಡು ಭಾಷೆಯ ಕಿವಿಯೂ ಇದ್ದವರಿಗೆ ಮಾತ್ರ ಅವರ ಮಾತಿನ ಪೂರ್ತಿ ನಗು ದಕ್ಕುತ್ತದೆ. ಪಕ್ಕದವರು ನಕ್ಕಾಗ ಏನಂದ, ಏನಂದ ಎಂದು ಕೇಳಿ ತಿಳಿದುಕೊಂಡವರು ಆ ಪದವನ್ನು ಮರೆತಿರಲಾರರು. ನಗು ಬಂದರೆ ಅರ್ಥ ಬಂದಿದೆ, ಬಾರದಿದ್ದರೆ ಹುಡುಕಬೇಕಾದ ಜಾಗ ಸಿಕ್ಕಿದೆ.

ಇಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಕಥೆಯನ್ನು ಹೇಳಲೇಬೇಕು. ಸ್ವಲ್ಪ ದೀರ್ಘವಾದರೂ ಅಧ್ಯಕ್ಷರು ಸಹಿಸಿಕೊಳ್ಳಬೇಕು. ಪಾಂಡವಪುರದ ಕಡೆಯ ಹುಡುಗ, ಬಿ.ಕಾಂ. ಓದುತ್ತಿದ್ದ. ತಂದೆಯದು ಆಲೆಮನೆ. ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ಕೊಪ್ಪರಿಗೆಯ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುವ ಸರದಿ ಇವನದು. ನಡುನಡುವೆ ಸಿಗುವ ಬಿಡುವಿನಲ್ಲಿ ಮೊಬೈಲ್ ಹಿಡಿದು ಈ ಧಾರಾವಾಹಿಯನ್ನು ನೋಡತೊಡಗಿದ. ಆಳುಗಳೆಲ್ಲ, ಒಬ್ಬನೇ ನಗುತ್ತಾನೆ, ಹುಡುಗನಿಗೆ ಗಾಳಿ ಸೋಕಿದೆ ಎಂದು ತಾಯಿಗೆ ದೂರು ಹೇಳಿದರಂತೆ. ಆ ವರ್ಷ ಮುಗಿಯುವುದರೊಳಗೆ ಅವನ ಇಂಗ್ಲಿಷ್ ಬದಲಾಯಿತು. ಪೂರ್ಣ ವಾಕ್ಯಗಳು ಬರತೊಡಗಿದವು, ಏರಿಳಿತ ಬಂತು, ಪ್ರಶ್ನೆ ಕೇಳುವ ಧೈರ್ಯ ಬಂತು. ಕೊನೆಯ ವರ್ಷದಲ್ಲಿ ಮೈಸೂರಿನ ಒಂದು ಸಂಸ್ಥೆಯ ಸಂದರ್ಶನಕ್ಕೆ ಕರೆ ಬಂದಾಗ ಹೊಸ ಅಂಗಿ ತೊಟ್ಟು, ಕೋಣೆಯ ಒಳಗೆ ಕಾಲಿಟ್ಟು, ಮಧ್ಯದ ಕುರ್ಚಿಯಲ್ಲಿದ್ದ ಹಿರಿಯ ಅಧಿಕಾರಿಣಿಯವರನ್ನು ನೋಡಿ, ಜೋಯಿಯ ಹಾಗೆಯೇ ತಲೆಯನ್ನು ತುಸು ಮೇಲೆತ್ತಿ, ‘ಹೌ ಯೂ ಡೂಯಿನ್’ ಎಂದುಬಿಟ್ಟ.

ಧಾರಾವಾಹಿ ನೋಡಿದವರು ಈಗಾಗಲೇ ನಗುತ್ತಿದ್ದೀರಿ. ನೋಡದವರಿಗಾಗಿ ಹೇಳುತ್ತೇನೆ. ಮಾತಿನ ಮೇಲ್ಮೈ ಅರ್ಥ ‘ಹೇಗಿದ್ದೀರಿ’ ಎಂದಷ್ಟೇ ಆದರೂ, ಜೋಯಿ ಅದನ್ನು ಆಡುವುದು ತನಗೆ ಮೆಚ್ಚುಗೆಯಾದ ಹುಡುಗಿಯರನ್ನು ಒಲಿಸಿಕೊಳ್ಳುವುದಕ್ಕಾಗಿ. ಕೋಣೆಯಲ್ಲಿ ಕ್ಷಣಕಾಲ ಯಾರೂ ಮಾತನಾಡಲಿಲ್ಲವಂತೆ. ಆಮೇಲೆ ಆ ತಾಯಿ, ಅವರಿಗೆ ನನ್ನ ನಮಸ್ಕಾರ, ಗಂಭೀರವಾಗಿಯೇ, ನೀವು ಎಷ್ಟನೆಯ ಸರಣಿಯಲ್ಲಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವನು ಆರನೆಯದು ಎಂದ. ಅಲ್ಲಿಂದ ಮಾತು ಬೆಳೆಯಿತು. ಹುಡುಗ ತನ್ನ ಆಲೆಮನೆಯನ್ನು, ಬೆಲ್ಲದ ಅಚ್ಚನ್ನು, ಸಕ್ಕರೆ ಕಾರ್ಖಾನೆಗೆ ಕಬ್ಬು ಕೊಡುವುದಕ್ಕೂ ಬೆಲ್ಲ ಮಾಡುವುದಕ್ಕೂ ಇರುವ ಲೆಕ್ಕಾಚಾರದ ವ್ಯತ್ಯಾಸವನ್ನು ತಡವರಿಸದೆ ವಿವರಿಸಿದ. ಆ ಕೆಲಸ ಅವನಿಗೆ ಸಿಗಲಿಲ್ಲ. ಕಾರಣ ಇಂಗ್ಲಿಷ್ ಅಲ್ಲ. ತೆರಿಗೆ ಲೆಕ್ಕದ ಪ್ರಶ್ನೆಗಳಿಗೆ ಉತ್ತರ ಬಂದಿರಲಿಲ್ಲ.

ಮರುದಿನ ನನ್ನ ಬಳಿಗೆ ಬಂದು, ‘ಮೇಡಮ್, ಬಾಗಿಲಲ್ಲೇ ಎಡವಟ್ಟು ಮಾಡ್ಬುಟ್ಟೆ ಅನ್ಸುತ್ತೆ, ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗ್ತಾ ಇಲ್ಲ’ ಎಂದ. ನಾನು ಉತ್ತರ ಕೊಡಲಿಲ್ಲ. ಜೋಯಿ ಆ ಮಾತನ್ನು ಎಲ್ಲೆಲ್ಲಿ ಆಡುತ್ತಾನೋ ಅಲ್ಲೆಲ್ಲ ಯಾರಿಗೆ ಹೇಳಿದ ಎಂದು ಬರೆದುಕೊಂಡು ಬಾ ಎಂದೆ. ವಾರ ಕಳೆದು ಬಂದ. ಮುಖ ಕೆಂಪಾಗಿತ್ತು. ತನಗೆ ಕೆಲಸ ಕೊಡುವವರ ಮುಂದೆ ಜೋಯಿ ಎಂದೂ ಹೀಗೆ ಮಾತು ತೆಗೆಯುವುದಿಲ್ಲ ಎಂಬುದನ್ನು ಅವನೇ ಕಂಡುಕೊಂಡಿದ್ದ. ನಾನು ಕೇಳಿದೆ: ‘ನೀನು ನಿನ್ನ ಗೆಳೆಯನನ್ನು ಏನ್ಲಾ ಎಂದು ಕರೆಯುತ್ತೀಯಲ್ಲ, ಪ್ರಾಂಶುಪಾಲರನ್ನೂ ಹಾಗೇ ಕರೆಯುತ್ತೀಯೇನು?’ ಅವನು ನಕ್ಕ. ಮಂಡ್ಯದಲ್ಲಿ ಹುಟ್ಟಿದ ಯಾವ ಮಗುವಿಗೂ ಏನ್ಲಾ ಯಾರಿಗೆ, ಏನಪ್ಪಾ ಯಾರಿಗೆ, ಏನ್ ಸಾರ್ ಯಾರಿಗೆ, ಮಠಕ್ಕೆ ಹೋದಾಗ ಬುದ್ಧಿ ಎನ್ನುವುದು ಯಾರಿಗೆ ಎಂದು ಯಾವ ಪುಸ್ತಕವೂ ಕಲಿಸಿಲ್ಲ. ನೋಡಿ ನೋಡಿ, ಕೇಳಿ ಕೇಳಿ ಕಲಿತದ್ದು ಅದು. ಇಂಗ್ಲಿಷಿನಲ್ಲಿ ಆ ನೋಟಕ್ಕೆ ನಿಮಗೆ ಜನ ಎಲ್ಲಿದ್ದಾರೆ? ಇಂಗ್ಲಿಷನ್ನು ಮನೆಮಾತಾಗಿ ಆಡುವವರು ನಮ್ಮ ಬೀದಿಯಲ್ಲಿಲ್ಲ. ಹಾಸ್ಯ ಧಾರಾವಾಹಿಯೊಂದು ಅಂಥ ಆರು ಜನರನ್ನು ನಿಮ್ಮ ಮನೆಗೇ ಕರೆತರುತ್ತದೆ. ಅವರು ಗೆಳೆಯರೊಂದಿಗೆ, ಮೇಲಧಿಕಾರಿಯೊಂದಿಗೆ, ತಂದೆತಾಯಿಯೊಂದಿಗೆ, ಅಪರಿಚಿತರೊಂದಿಗೆ ಬೇರೆ ಬೇರೆ ಬಗೆಯಲ್ಲಿ ಮಾತನಾಡುವುದನ್ನು ಎದುರಿಗೇ ಇಡುತ್ತದೆ. ಆ ಹುಡುಗ ಆಮೇಲೆ ತನ್ನ ನೋಟ್‌ಬುಕ್ಕಿನಲ್ಲಿ ಪದದ ಅರ್ಥ ಬರೆಯುವುದನ್ನು ಬಿಟ್ಟು ಪೂರ್ಣ ವಾಕ್ಯವನ್ನು ಬರೆದು, ಪಕ್ಕದಲ್ಲಿ ‘ಯಾರು, ಯಾರಿಗೆ, ಯಾವಾಗ’ ಎಂಬ ಕಲಂ ಹಾಕಿಕೊಂಡ. ಅಂದಿನಿಂದ ನನ್ನ ಎಲ್ಲ ವಿದ್ಯಾರ್ಥಿಗಳಿಗೂ ನಾನು ಇದೇ ಕಲಂ ಹಾಕಿಸುತ್ತಿದ್ದೇನೆ.

ಈ ಕಲಂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಜೋಯಿಯೇ ಸಾಕ್ಷಿ. ಹತ್ತನೆಯ ಸರಣಿಯಲ್ಲಿ ಮಗುವನ್ನು ದತ್ತು ಪಡೆಯಲಿರುವ ಗೆಳೆಯರಿಗಾಗಿ ಅವನು ಶಿಫಾರಸು ಪತ್ರ ಬರೆಯಬೇಕಾಗುತ್ತದೆ. ತನ್ನ ಭಾಷೆ ವಿದ್ವತ್ಪೂರ್ಣವಾಗಿ ಕಾಣಲೆಂದು ಸಮಾನಾರ್ಥಕ ಪದಕೋಶವನ್ನು ತೆರೆದು ಒಂದೊಂದು ಪದವನ್ನೂ ಬದಲಾಯಿಸುತ್ತಾನೆ. ವಿಶಾಲ ಹೃದಯದ, ಆತ್ಮೀಯರಾದ ಒಳ್ಳೆಯ ಜನ ಎಂದಿದ್ದ ವಾಕ್ಯದಲ್ಲಿ ‘ವಾರ್ಮ್’ ಹೋಗಿ ‘ಹ್ಯೂಮಿಡ್’ ಬರುತ್ತದೆ, ‘ಹಾರ್ಟ್’ ಹೋಗಿ ‘ಅಯೋರ್ಟಿಕ್ ಪಂಪ್’ ಬರುತ್ತದೆ. ಆತ್ಮೀಯರಾಗಿದ್ದವರು ಏಪ್ರಿಲ್ ತಿಂಗಳ ಸೆಕೆಯಾದರು, ವಿಶಾಲ ಹೃದಯವಿದ್ದವರಿಗೆ ರಕ್ತನಾಳದ ಪಂಪು ಬಂತು. ಕೊನೆಗೆ ತನ್ನ ಸಹಿಯನ್ನೂ ‘ಬೇಬಿ ಕಾಂಗರೂ’ ಎಂದು ಹಾಕುತ್ತಾನೆ, ಏಕೆಂದರೆ ಇಂಗ್ಲಿಷಿನಲ್ಲಿ ಕಾಂಗರೂ ಮರಿಗೆ ಜೋಯಿ ಎನ್ನುತ್ತಾರೆ. ಈ ದೃಶ್ಯಕ್ಕೆ ನಕ್ಕ ವಿದ್ಯಾರ್ಥಿಗೆ ಆ ಪದಗಳ ವ್ಯತ್ಯಾಸ ತಿಳಿಯಿತೆಂದೇ ಅರ್ಥ. ರಜಾ ಅರ್ಜಿಗೆ ದೊಡ್ಡ ದೊಡ್ಡ ಪದ ತುಂಬಿಸುವ ನಮ್ಮ ಅಭ್ಯಾಸವನ್ನು ಬಿಡಿಸಲು ನಾನು ತರಗತಿಯಲ್ಲಿ ಕೊಟ್ಟ ಯಾವ ಉಪದೇಶವೂ ಈ ಒಂದು ದೃಶ್ಯದಷ್ಟು ಕೆಲಸ ಮಾಡಿಲ್ಲ.

ಇನ್ನು, ನಮ್ಮಂಥವರಿಗೆ ಇದು ಎಟಕುತ್ತದೆಯೇ ಎಂಬ ಪ್ರಶ್ನೆ. ವೆಬ್ ಮತ್ತು ರಾಜರ್ಸ್ ಅವರೇ 2009ರಲ್ಲಿ 88 ಟಿ.ವಿ. ಕಾರ್ಯಕ್ರಮಗಳ ಮಾತನ್ನು ಪರಿಶೀಲಿಸಿದರು. ಇಂಗ್ಲಿಷಿನಲ್ಲಿ ಹೆಚ್ಚಾಗಿ ಬಳಕೆಯಾಗುವ 3000 ಪದಕುಟುಂಬಗಳು ತಿಳಿದಿದ್ದು, ವ್ಯಕ್ತಿನಾಮ ಸ್ಥಳನಾಮಗಳು ಗುರುತು ಸಿಕ್ಕರೆ, ಅಲ್ಲಿನ ಮಾತಿನಲ್ಲಿ ಶೇಕಡ 95ರಷ್ಟು ಪದಗಳು ಪರಿಚಿತವಾಗಿರುತ್ತವೆ ಎಂದು ಅವರು ಕಂಡುಕೊಂಡರು. ಒಂದು ಪದದ ಬೇರೆ ಬೇರೆ ರೂಪಗಳೆಲ್ಲ ಸೇರಿ ಒಂದು ಕುಟುಂಬ. ಹಾಗೆಂದರೆ ಇಪ್ಪತ್ತು ಪದಕ್ಕೆ ಒಂದು ಮಾತ್ರ ಹೊಸದು. ಪಿ.ಯು.ಸಿ. ಮುಗಿಸಿದ ನಿಮ್ಮಲ್ಲಿ ಹಲವರು ಆ ಮೂರು ಸಾವಿರದ ದಾರಿಯಲ್ಲಿ ಸಾಕಷ್ಟು ದೂರ ಬಂದಿದ್ದೀರಿ. ಓದಿ ಗುರುತಿಸುವ ಪದವನ್ನು ಕಿವಿ ಇನ್ನೂ ಗುರುತಿಸುತ್ತಿಲ್ಲ, ಅಷ್ಟೇ. ಕಿವಿಗೆ ಸಹಾಯ ಮಾಡುವುದು ಸಬ್‌ಟೈಟಲ್. ಅದು ಇಂಗ್ಲಿಷಿನಲ್ಲೇ ಇರಬೇಕು ಎಂಬುದು ನನ್ನ ಆಗ್ರಹ, ಅದಕ್ಕೆ ಆಧಾರವೂ ಇದೆ. ಹಾಲ್ಗರ್ ಮಿಟ್ಟರರ್ ಮತ್ತು ಜೇಮ್ಸ್ ಮೆಕ್ವೀನ್ 2009ರಲ್ಲಿ ಡಚ್ ಭಾಷಿಕರಿಗೆ, ಅವರು ಕೇಳಿರದ ಉಚ್ಚಾರಣೆಯ ಇಂಗ್ಲಿಷನ್ನು ಕೇಳಿಸಿದರು. ಅದರಲ್ಲಿ ಒಂದು ಆಸ್ಟ್ರೇಲಿಯಾದ ಹಾಸ್ಯ ಧಾರಾವಾಹಿಯಾಗಿತ್ತು. ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡಿದವರ ಕಿವಿ ಆ ಉಚ್ಚಾರಣೆಗೆ ಹೊಂದಿಕೊಂಡಿತು. ತಾಯ್ನುಡಿಯ ಸಬ್‌ಟೈಟಲ್ ಓದಿದವರಿಗೆ ಹೊಸ ಮಾತನ್ನು ಗುರುತಿಸುವುದರಲ್ಲಿ ಅದರಿಂದ ತೊಡಕೇ ಆಯಿತು. ನಿಮಗೆ ಪ್ರಿಯವಾದ ಕೊರಿಯಾದ ಸಂಗೀತ ತಂಡ ಬಿಟಿಎಸ್‌ನ ನಾಯಕ ಕಿಮ್ ನಾಮ್‌ಜೂನ್ ತಾನು ಇಂಗ್ಲಿಷ್ ಕಲಿತದ್ದು ‘ಫ್ರೆಂಡ್ಸ್’ ನೋಡಿ ಎಂದು ಹೇಳಿದ್ದಾರೆ. ಮೊದಲು ಕೊರಿಯನ್ ಸಬ್‌ಟೈಟಲ್, ಆಮೇಲೆ ಇಂಗ್ಲಿಷ್, ಕೊನೆಗೆ ಯಾವುದೂ ಇಲ್ಲದೆ ನೋಡಿದ್ದಾಗಿ ಅವರ ಮಾತು. ತೀರ ಕಷ್ಟವೆನಿಸಿದವರು ಆ ಕ್ರಮವನ್ನೂ ಅನುಸರಿಸಬಹುದು, ಮೊದಲ ಮೆಟ್ಟಿಲಲ್ಲೇ ಕುಳಿತುಬಿಡಬಾರದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೇಳಬೇಕೆಂದು ಬರೆದುಕೊಂಡದ್ದರಲ್ಲಿ ಇನ್ನೂ ಕೆಲವು ಉಳಿದಿವೆ, ಬೇಗ ಹೇಳಿ ಮುಗಿಸುತ್ತೇನೆ.

ಎಲ್ಲ ಹಾಸ್ಯವೂ ಕಲಿಕೆಗೆ ಒಳ್ಳೆಯದಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಧಾರಾವಾಹಿಯನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಇಂಗ್ಲಿಷ್ ಕಲಿಯಲು ಬಂದ ಭಾರತ, ಪಾಕಿಸ್ತಾನ, ಜಪಾನ್, ಇಟಲಿಗಳ ಜನ ಆಡುವ ತಪ್ಪು ಇಂಗ್ಲಿಷೇ ಅಲ್ಲಿ ನಗೆಯ ವಸ್ತು. ಒಂದೊಂದು ದೇಶದವರನ್ನು ಒಂದೊಂದು ಅಚ್ಚಿಗೆ ಸುರಿದಿದ್ದಾರೆಂಬ ಟೀಕೆ ಅದಕ್ಕೆ ಆಗಲೇ ಬಂದಿತ್ತು, ಆ ಟೀಕೆ ನ್ಯಾಯವಾದದ್ದು. ನಗೆಗೀಡಾಗುವ ಭಯವನ್ನು ಕಳೆಯಲೆಂದು ಹೊರಟವರು, ಕಲಿಯುವವನನ್ನೇ ನಗೆಗೀಡುಮಾಡುವ ಧಾರಾವಾಹಿಯಿಂದ ಆರಂಭಿಸಬೇಕಾಗಿಲ್ಲ. ಬೈಗುಳವೇ ಮುಖ್ಯವಾದವುಗಳನ್ನೂ, ರಾಜಕೀಯ ಅಥವಾ ವಿಜ್ಞಾನದ ಪರಿಭಾಷೆ ತುಂಬಿದವುಗಳನ್ನೂ ಮುಂದಕ್ಕೆ ಇಟ್ಟುಕೊಳ್ಳಿ. ಮನೆ, ಅಡುಗೆ, ಸ್ನೇಹ, ಸಂಬಳ ಇವುಗಳ ಸುತ್ತ ನಡೆಯುವ ಹಾಸ್ಯ ಮೊದಲಿಗೆ ಸಾಕು.

ದಿನಕ್ಕೆ ಒಂದೇ ಕಂತು. ಮೊದಲ ಸಲ ನಿಲ್ಲಿಸದೆ ನೋಡಿ, ಎರಡನೆಯ ಸಲ ನಗು ತಪ್ಪಿದ ಜಾಗಗಳಲ್ಲಿ ಮಾತ್ರ ನಿಲ್ಲಿಸಿ. ಐದು ವಾಕ್ಯಗಳಿಗಿಂತ ಹೆಚ್ಚು ಬರೆಯಬೇಡಿ. ಬರೆದ ವಾಕ್ಯವನ್ನು ಗಟ್ಟಿಯಾಗಿ, ಅವರು ಹೇಳಿದ ಏರಿಳಿತದಲ್ಲೇ ಹೇಳಿ. ಇಬ್ಬರು ಮೂವರು ಕೂಡಿ ನೋಡಿದರೆ ಇನ್ನೂ ಒಳ್ಳೆಯದು, ಒಬ್ಬರಿಗೆ ಬಾರದ ನಗು ಇನ್ನೊಬ್ಬರಿಗೆ ಬಂದಿರುತ್ತದೆ, ಕೇಳಿ ತಿಳಿಯಬಹುದು. ವಿದ್ಯಾರ್ಥಿನಿಲಯದಲ್ಲಿರುವವರಿಗೆ ಇದು ಸುಲಭ. ಉಚ್ಚಾರಣೆ ಅಮೆರಿಕದವರಂತೆ ಆಗಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಇಂಗ್ಲಿಷ್ ಮಂಡ್ಯದ ಇಂಗ್ಲಿಷಾಗಿಯೇ ಇರಲಿ, ತಿಳಿಯುವಂತಿದ್ದರೆ ಸಾಕು. ಬರವಣಿಗೆಯ ಇಂಗ್ಲಿಷಿಗೆ ಇದೊಂದೇ ಸಾಲದು ಎಂಬುದನ್ನೂ ಸೇರಿಸಿಬಿಡುತ್ತೇನೆ. ಅದಕ್ಕೆ ಪತ್ರಿಕೆ, ಪುಸ್ತಕಗಳ ಓದು ಬೇಕು. ಅದು ಇನ್ನೊಂದು ದಿನದ ಮಾತು.

ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿದಿದೆಯೆಂದು ಹೇಳುತ್ತಿದ್ದಾರೆ. ನಿಮಗೆ ಬಂದ ಭಾಷೆಯಲ್ಲಿ ಕೇಳಿ. ಆ ಮೂಲೆಯಲ್ಲಿ ಕೈ ಎತ್ತಿದ ಹುಡುಗಿಗೆ ಮೊದಲು ಮೈಕ್ ಕೊಡಿ.